ಮೂರು ಕಾಲಿನ ಮೊಲದ ಜತೆ ಸಂಸಾರ

1919ರ ಜನವರಿ. ಮುಂಬಯಿಯಲ್ಲಿ ಗಾಂಧೀಜಿ ಹಾಸಿಗೆ ಹಿಡಿದಿದ್ದರು. ಹಿಂದಿನ ವರ್ಷ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸಲು ಊರೂರು ಅಲೆಯುವಾಗ ಹತ್ತಿಕೊಂಡ ಆಮಶಂಕೆ ಅವರನ್ನು ಹಣ್ಣು ಮಾಡಿಬಿಟ್ಟಿತ್ತು. ನೋಡಲು ಬಂದ ಡಾ. ದಲಾಲ್, ಹಾಲು ಕುಡಿಯದೆ ಈ ಮೈ ಮತ್ತೆ ಕಟ್ಟಿಕೊಳ್ಳುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದರು. ಇಂಜೆಕ್ಷನ್ ಬೇಕಾದರೆ ಚುಚ್ಚಿ, ಹಾಲು ಮಾತ್ರ ಆಗದು, ವ್ರತವಿದೆ ಎಂದರು ರೋಗಿ. ಎಂಥ ವ್ರತ ಎಂದು ವೈದ್ಯರು ಕೇಳಿದಾಗ ಗಾಂಧೀಜಿ ಎಲ್ಲವನ್ನೂ ವಿವರಿಸಿದರು. ಕೊನೆಯ ಹನಿಯವರೆಗೂ ಹಾಲು ಹಿಂಡಲು ಹಸು, ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ಬಗ್ಗೆ ತಿಳಿದು ಅವರಿಗೆ ಹಾಲೆಂದರೆ ಹೇಸಿಕೆ ಹುಟ್ಟಿತ್ತು. ಹಾಸಿಗೆಯ ಪಕ್ಕದಲ್ಲಿ ನಿಂತು ಅಷ್ಟನ್ನೂ ಕೇಳಿಸಿಕೊಳ್ಳುತ್ತಿದ್ದ ಕಸ್ತೂರಬಾ ನಡುವೆ ಬಾಯಿ ಹಾಕಿ, ಹಾಗಾದರೆ ಮೇಕೆ ಹಾಲಿಗೇನೂ ಅಡ್ಡಿ ಇಲ್ಲವಲ್ಲ ಎಂದರು. ವೈದ್ಯರು ಆ ಮಾತನ್ನು ಹಿಡಿದುಕೊಂಡರು. ಗಾಂಧೀಜಿ ಒಪ್ಪಿದರು.

ವ್ರತದ ಅಕ್ಷರವನ್ನು ಉಳಿಸಿಕೊಂಡು ಅದರ ಆತ್ಮವನ್ನು ಬಲಿಕೊಟ್ಟೆ ಎಂದು ಆತ್ಮಕಥೆಯಲ್ಲಿ ಅವರು ಕೊರಗಿದ್ದಾರೆ. ಆ ಕೊರಗು ಅವರಿಗಿರಲಿ, ನನ್ನ ಕುತೂಹಲವೆಲ್ಲ ಕಸ್ತೂರಬಾ ಅವರ ಮೇಲೆ. ಮೂವತ್ತೈದು ವರ್ಷ ಮೀರಿದ ದಾಂಪತ್ಯ ಅದು. ವ್ರತ ತಪ್ಪು ಎಂದು ಅವರು ಹೇಳಲಿಲ್ಲ. ಜೀವ ಮುಖ್ಯವೋ ವ್ರತ ಮುಖ್ಯವೋ ಎಂದು ವಾದಕ್ಕೆ ನಿಲ್ಲಲಿಲ್ಲ. ಗಂಡ ಹೇಳಿದ ಕಾರಣವನ್ನು ಗಂಡನಿಗಿಂತ ಚೆನ್ನಾಗಿ ಕೇಳಿಸಿಕೊಂಡು, ಆ ಕಾರಣದ ಒಳಗೇ ಒಂದು ಬಾಗಿಲಿದೆ ಎಂದು ತೋರಿಸಿದರು.

ಹೀಗೆ ಮಾಡುವುದನ್ನು ಅವರು ಕಲಿತದ್ದು ಏಟು ತಿಂದೇ ಇರಬೇಕು. ದಕ್ಷಿಣ ಆಫ್ರಿಕದಲ್ಲಿದ್ದಾಗ ಕಸ್ತೂರಬಾ ಅವರಿಗೆ ರಕ್ತಸ್ರಾವದ ಕಾಯಿಲೆ ಕಾಡಿತ್ತು. ಉಪ್ಪು, ಬೇಳೆ ಎರಡನ್ನೂ ಬಿಟ್ಟುಬಿಡು ಎಂದು ಗಂಡ ದುಂಬಾಲು ಬಿದ್ದರು. ಹೇಳಿ ಹೇಳಿ ರೋಸಿಹೋದ ಹೆಂಡತಿ ಒಂದು ದಿನ, ಯಾರಾದರೂ ಹೇಳಿದರೆ ನಿಮಗಾದರೂ ಇವನ್ನು ಬಿಡಲು ಆದೀತೇ ಎಂದು ಸವಾಲು ಹಾಕಿದರು. ಗಾಂಧೀಜಿಗೆ ಅಷ್ಟೇ ಸಾಕಾಯಿತು. ನೀನು ಬಿಡು, ಬಿಡದಿರು, ನಾನಂತೂ ಒಂದು ವರ್ಷ ಎರಡನ್ನೂ ಮುಟ್ಟುವುದಿಲ್ಲ ಎಂದು ಅಲ್ಲೇ ಶಪಥ ಮಾಡಿದರು. ಕಸ್ತೂರಬಾ ಗಾಬರಿಯಾಗಿ, ನಾನೇ ಬಿಡುತ್ತೇನೆ, ನಿಮ್ಮ ಮಾತು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಬೇಡಿಕೊಂಡರೂ ಪ್ರಯೋಜನವಾಗಲಿಲ್ಲ. ನೀವು ಯಾರ ಮಾತನ್ನೂ ಕೇಳುವವರಲ್ಲ ಎಂದು ಅತ್ತು ಸುಮ್ಮನಾದರು. ಗಾಂಧೀಜಿ ಇದನ್ನು ಮನೆಯೊಳಗಿನ ಸತ್ಯಾಗ್ರಹವೆಂದು ಸಂತೋಷದಿಂದಲೇ ಬರೆದುಕೊಂಡಿದ್ದಾರೆ. ಅತ್ತವರು ಏನಂದುಕೊಂಡರೋ, ಅವರು ಆತ್ಮಕಥೆ ಬರೆಯಲಿಲ್ಲ.

ಅದೇ ಗಂಡ, ಅದೇ ಹೆಂಡತಿ, ಎರಡೂ ಸಲ ಊಟದ ವಿಷಯ. ಸವಾಲು ಹಾಕಿದಾಗ ಮನುಷ್ಯ ಇನ್ನಷ್ಟು ಬಿಗಿದುಕೊಂಡ, ದಾರಿ ತೋರಿಸಿದಾಗ ಬಗ್ಗಿದ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಒಬ್ಬರಾದರೂ ಇಲ್ಲದ ಮನೆ ನಮ್ಮಲ್ಲಿ ಅಪರೂಪ. ಸಾಂಬಾರಿಗೆ ಬೆಲ್ಲ ಹಾಕುವುದರಿಂದ ಹಿಡಿದು ಮದುವೆಗೆ ಯಾರನ್ನು ಕರೆಯಬೇಕು, ಸೊಸೆ ಯಾವ ಬಟ್ಟೆ ತೊಡಬೇಕು, ಮೊಮ್ಮಗ ಯಾವ ಕೋರ್ಸಿಗೆ ಸೇರಬೇಕು ಎನ್ನುವವರೆಗೆ ಅವರದು ಒಂದೇ ಮಾತು. ಅವರೆಲ್ಲ ಕೆಟ್ಟವರಲ್ಲ. ಎಷ್ಟೋ ಸಲ ಮನೆಯ ಸಾಲ ತೀರಿಸಿದವರು, ಮಕ್ಕಳ ಫೀಸು ಕಟ್ಟಿದವರು ಅವರೇ ಆಗಿರುತ್ತಾರೆ. ಅವರ ಎದುರು ನಾವು ಮಾಡುವ ಮೊದಲ ಕೆಲಸವೆಂದರೆ ಮೊಲದ ಕಿವಿ ಹಿಡಿದೆತ್ತಿ, ಬನ್ನಿ ಎಣಿಸೋಣ ಎನ್ನುವುದು. ಎಣಿಸಿದರೆ ನಾಲ್ಕೇ ಇರುತ್ತದೆ, ಅನುಮಾನವಿಲ್ಲ. ಆದರೆ ಎಣಿಕೆ ಮುಗಿಯುವ ಹೊತ್ತಿಗೆ ಅವರು ಮೂರರಿಂದ ಎರಡಕ್ಕೆ ಇಳಿದಿರುತ್ತಾರೆ.

ಇದಕ್ಕೆ ಮನಶ್ಶಾಸ್ತ್ರದಲ್ಲಿ ವಿವರಣೆ ಇದೆ. ತನ್ನ ಆಯ್ಕೆಯನ್ನು ಯಾರೋ ಕಿತ್ತುಕೊಳ್ಳುತ್ತಿದ್ದಾರೆ ಅನ್ನಿಸಿದ ಕೂಡಲೇ ಮನುಷ್ಯ ಆ ಆಯ್ಕೆಯನ್ನೇ ಇನ್ನಷ್ಟು ಗಟ್ಟಿಯಾಗಿ ಅಪ್ಪಿಕೊಳ್ಳುತ್ತಾನೆ ಎಂಬುದನ್ನು ಅಮೆರಿಕದ ಜ್ಯಾಕ್ ಬ್ರೆಮ್ 1966ರಲ್ಲಿ ಒಂದು ಸಿದ್ಧಾಂತವಾಗಿ ಮುಂದಿಟ್ಟ. ಕುಡಿತ ಬಿಡಿಸುವ ಚಿಕಿತ್ಸೆಯಲ್ಲಿದ್ದ ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ ಅದನ್ನು ಕಣ್ಣಾರೆ ಕಂಡ. ಕುಡಿಯುವವನ ಮುಖಕ್ಕೆ ಹೊಡೆದಂತೆ ಸತ್ಯ ಹೇಳಿದರೆ ದಾರಿಗೆ ಬರುತ್ತಾನೆ ಎಂಬ ನಂಬಿಕೆ ಆಗ ಚಿಕಿತ್ಸಕರಲ್ಲಿ ಬೇರೂರಿತ್ತು. 1993ರಲ್ಲಿ ಮಿಲ್ಲರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಬೇರೆಯೇ: ಸಲಹೆಗಾರ ಹೆಚ್ಚು ಹೆಚ್ಚು ಎದುರು ವಾದಿಸಿದಷ್ಟೂ, ವರ್ಷ ಕಳೆದ ಮೇಲೆ ಆ ವ್ಯಕ್ತಿ ಹೆಚ್ಚು ಕುಡಿಯುತ್ತಿದ್ದ. ಆ ಕಡೆಯವನು ತನ್ನ ಪರವಾಗಿ ಹತ್ತು ಸಲ ವಾದಿಸಬೇಕಾಗಿ ಬಂದರೆ, ಹತ್ತನೆಯ ಸಲದ ಹೊತ್ತಿಗೆ ತನ್ನ ವಾದಕ್ಕೆ ತಾನೇ ಮರುಳಾಗಿರುತ್ತಾನೆ. ಆದ್ದರಿಂದ ಮಿಲ್ಲರ್ ಬೆಳೆಸಿದ ವಿಧಾನದಲ್ಲಿ ಸಲಹೆಗಾರ ಹೇಳುವುದಕ್ಕಿಂತ ಕೇಳುವುದು ಜಾಸ್ತಿ. ಬದಲಾಗಬೇಕು ಎಂಬ ಮಾತು ಎದುರಿನವನ ಬಾಯಿಂದಲೇ ಹೊರಡುವಂತೆ ಕಾಯುವುದೇ ಅದರ ಕಸುಬು.

ಕೇಳುವುದು ಎಂದರೆ ತಲೆ ಆಡಿಸುತ್ತ ಕೂರುವುದಲ್ಲ. ಮೈಸೂರಿನಲ್ಲಿ ನನ್ನ ಪರಿಚಯದ ಒಂದು ಮನೆ ಇದೆ. ಯಜಮಾನರು ನಿವೃತ್ತರು. ರಾತ್ರಿ ಒಂಬತ್ತಕ್ಕೆ ಸರಿಯಾಗಿ ಗೇಟಿಗೆ ಬೀಗ ಬೀಳಬೇಕು, ಅದು ಮನೆಯ ಕಾನೂನು. ಮಗಳಿಗೆ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಕ್ಯಾಬು ಅವಳನ್ನು ಮನೆ ಮುಂದೆ ಇಳಿಸುವ ಹೊತ್ತಿಗೆ ಹತ್ತೂವರೆ. ಮೊದಲ ವಾರವೇ ಮಹಾಭಾರತ. "ಅಪ್ಪ, ನೀವು ಯಾವ ಕಾಲದಲ್ಲಿ ಇದ್ದೀರಿ?" ಎಂದಳು ಮಗಳು. "ಈ ಕಾಲದಲ್ಲೇ ಇದ್ದೀನಿ, ಅದಕ್ಕೇ ಬೀಗ" ಎಂದರು ಅಪ್ಪ. ಮಗಳು ಸ್ವಾತಂತ್ರ್ಯದ ಮಾತೆತ್ತಿದಳು, ಅಪ್ಪ ಮರ್ಯಾದೆಯ ಮಾತೆತ್ತಿದರು. ಅಣ್ಣ ಬೆಂಗಳೂರಿನಿಂದ ಫೋನ್ ಮಾಡಿ ಅಪ್ಪನಿಗೆ ಬುದ್ಧಿ ಹೇಳಲು ಹೋಗಿ ಇನ್ನೊಂದು ಸೌದೆ ಒಟ್ಟಿದ. ಒಂಬತ್ತರ ಬೀಗ ಎಂಟೂ ಮುಕ್ಕಾಲಿಗೆ ಬೀಳತೊಡಗಿತು.

ತಾಯಿ ಒಂದು ಸಂಜೆ ಅವರೆಕಾಯಿ ಬಿಡಿಸುತ್ತ ಕೂತಿದ್ದವರು, ತಲೆ ಎತ್ತದೆ ಹೇಳಿದರಂತೆ: "ರೀ, ಬೀಗ ಹಾಕಬೇಡಿ ಅಂತ ಇಲ್ಲಿ ಯಾರೂ ಹೇಳ್ತಿಲ್ಲ. ನಿಮ್ಮ ಟೈಮಿಗೆ ನೀವು ಹಾಕಿ. ಆಮೇಲೆ ಬಂದೋಳು ತೆಗೆದು, ಒಳಗೆ ಬಂದು ಮತ್ತೆ ಸರಿಯಾಗಿ ಹಾಕಿದಾಳಾ ಇಲ್ವಾ ನೋಡೋರು ಯಾರು? ಅವಳಿಗೆ ಅದೆಲ್ಲ ಗೊತ್ತಾಗಲ್ಲ." ಯಜಮಾನರು ಸ್ವಲ್ಪ ಹೊತ್ತು ಪೇಪರ್ ಮಡಿಸಿದರು, ಬಿಚ್ಚಿದರು. "ನಾನು ನೋಡ್ತೀನಿ" ಎಂದರು. ಮಾರನೆಯ ದಿನ ಇನ್ನೊಂದು ಕೀಲಿ ಮಾಡಿಸಿಕೊಂಡು ಬಂದವರೂ ಅವರೇ.

ಇಲ್ಲಿ ತಾಯಿಗೆ ತಿಳಿದಿದ್ದ ಒಂದು ಸಂಗತಿ ಮಗಳಿಗೆ ತಿಳಿದಿರಲಿಲ್ಲ. ಅವಳು ಹುಟ್ಟುವ ಮೊದಲು, ಬಾಡಿಗೆ ಮನೆಯಲ್ಲಿದ್ದಾಗ, ಒಂದು ರಾತ್ರಿ ಗೇಟು ತೆರೆದೇ ಉಳಿದು, ಸಾಲ ಮಾಡಿ ಕೊಂಡಿದ್ದ ಹೊಸ ಸ್ಕೂಟರ್ ಕಳುವಾಗಿತ್ತು. ಬೀಗಕ್ಕೂ ಮಗಳ ನಡತೆಗೂ ಸಂಬಂಧವೇ ಇರಲಿಲ್ಲ. ಮರ್ಯಾದೆಯ ಮಾತು ಜಗಳದ ಬಿಸಿಯಲ್ಲಿ ಬಂದು ಸೇರಿಕೊಂಡದ್ದು. ಗಟ್ಟಿ ನಿಯಮಗಳಲ್ಲಿ ಬಹುಪಾಲು ಹೀಗೇ. ಒಂದು ಕಾಲಕ್ಕೆ ಅವು ಕೆಲಸಕ್ಕೆ ಬಂದಿರುತ್ತವೆ. ಕಾಲ ಹೋಗಿರುತ್ತದೆ, ನಿಯಮ ಉಳಿದಿರುತ್ತದೆ.

ಅಬ್ರಹಾಂ ಲೂಚಿನ್ಸ್ ಎಂಬಾತ 1942ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ನೀರು, ಪಾತ್ರೆಗಳ ಲೆಕ್ಕದಲ್ಲಿ ತೋರಿಸಿಕೊಟ್ಟಿತು. ಮನೆಯಲ್ಲಿ ಮಕ್ಕಳ ಮೇಲೆ ಮಾಡಿ ನೋಡಬಹುದು. 21, 127 ಮತ್ತು 3 ಅಳತೆಯ ಮೂರು ಪಾತ್ರೆಗಳಿವೆ, 100 ಅಳತೆ ನೀರು ಬೇಕು. ದೊಡ್ಡ ಪಾತ್ರೆಯನ್ನು ತುಂಬಿ, ಅದರಿಂದ ಮೊದಲನೆಯದಕ್ಕೆ ಒಮ್ಮೆ, ಚಿಕ್ಕದಕ್ಕೆ ಎರಡು ಸಲ ಸುರಿದರೆ 100 ಉಳಿಯುತ್ತದೆ. ಇದೇ ಉಪಾಯಕ್ಕೆ ಬಗ್ಗುವ ಇನ್ನೂ ಕೆಲವು ಲೆಕ್ಕಗಳನ್ನು ಕೊಟ್ಟ ಮೇಲೆ ಲೂಚಿನ್ಸ್ ಒಂದು ಬೇರೆ ಲೆಕ್ಕ ಕೊಟ್ಟ: ಪಾತ್ರೆಗಳು 23, 49, 3. ಬೇಕಾದದ್ದು 20. ಹಳೆಯ ಉಪಾಯದಿಂದಲೂ ಉತ್ತರ ಬರುತ್ತದೆ. ಆದರೆ 23ರಿಂದ 3 ತೆಗೆದರೆ ಮುಗಿಯಿತಲ್ಲ! ಹಿಂದಿನ ಲೆಕ್ಕಗಳನ್ನು ಮಾಡದೆ ನೇರವಾಗಿ ಬಂದವರು ಅದನ್ನು ಸುಲಭವಾಗಿ ಕಂಡರು. ಅಭ್ಯಾಸವಾದವರಲ್ಲಿ ಬಹಳಷ್ಟು ಮಂದಿ ಹಳೆಯ ಸುತ್ತು ದಾರಿಯನ್ನೇ ಹಿಡಿದರು. ಅವರೇನು ದಡ್ಡರಲ್ಲ. ಗೆದ್ದ ಉಪಾಯವೇ ಅವರ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಬೇಗ ಮಾಡಿ, ಹೊತ್ತಾಯಿತು ಎಂದು ಅವಸರಪಡಿಸಿದಾಗ ಈ ಜಡತೆ ಇನ್ನೂ ಹೆಚ್ಚಾಯಿತು ಎಂಬುದು ನಮಗೆ ಮುಖ್ಯ. ನಾವು ಮನೆಯ ಹಿರಿಯರ ಹತ್ತಿರ ದೊಡ್ಡ ವಿಷಯ ಎತ್ತುವುದು ಯಾವಾಗ? ಬಸ್ಸಿಗೆ ಹೊರಟು ಚಪ್ಪಲಿ ಮೆಟ್ಟುವಾಗ, ಇಲ್ಲವೇ ನೆಂಟರ ಮುಂದೆ, ಇವತ್ತೇ ಇತ್ಯರ್ಥ ಆಗಬೇಕು ಎನ್ನುವ ಧಾಟಿಯಲ್ಲಿ. ಜನರೆದುರು ಸೋಲೊಪ್ಪುವುದು ಯಾರಿಗೂ ಸುಲಭವಲ್ಲ. ಬೆಳಗಿನ ಕಾಫಿಯ ಹೊತ್ತಿಗೆ ಒಂದು ಮಾತು ಹಾಕಿ, ವಾರ ಬಿಟ್ಟು ಮತ್ತೆ ಕೇಳಿದರೆ ಅದು ಅವರದೇ ಯೋಚನೆಯಾಗಿ ಹೊರಬರುವುದುಂಟು. ಆಗ, ನಾನು ಆವತ್ತೇ ಹೇಳಿದ್ದೆ ಎನ್ನದೆ ತುಟಿ ಕಚ್ಚಿಕೊಂಡಿರಬೇಕು, ಕಷ್ಟ ಅಲ್ಲಿದೆ.

ಎಲ್ಲ ಬಿಗಿತಕ್ಕೂ ಇದೇ ಮದ್ದು ನಡೆಯುವುದಿಲ್ಲ. ಇಳಿವಯಸ್ಸಿನಲ್ಲಿ, ಅದುವರೆಗೆ ಸಲೀಸಾಗಿದ್ದವರು ಇದ್ದಕ್ಕಿದ್ದಂತೆ ಹಟ ಹಿಡಿಯತೊಡಗಿ, ಮಾಡಿದ್ದನ್ನೇ ಮಾಡತೊಡಗಿದರೆ ಅದು ಸ್ವಭಾವವಲ್ಲ, ಮಿದುಳಿನ ಮುಂಭಾಗದ ಕಾಯಿಲೆಯೂ ಇರಬಹುದು. ಅಲ್ಲಿ ಬೇಕಾದದ್ದು ನರರೋಗ ವೈದ್ಯರು. ಇನ್ನು, ನಿಯಮ ಮೀರಿದರೆ ಕೈ ಎತ್ತುವ, ದುಡ್ಡು ತಡೆಹಿಡಿಯುವ, ಕೋಣೆಯಲ್ಲಿ ಕೂಡಿಹಾಕುವ ಮನೆಗಳಿವೆ. ಅಲ್ಲಿ ಬಾಗಿಲು ಹುಡುಕುತ್ತ ಕೂರಬಾರದು. ಅದಕ್ಕೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ, 181 ಸಹಾಯವಾಣಿ ಇದೆ. ಸ್ವಲ್ಪ ಹೊಂದಿಕೊಂಡು ಹೋಗಮ್ಮ ಎಂದು ಅಂಥ ಮನೆಗೆ ಮಗಳನ್ನು ವಾಪಸು ಕಳಿಸುವ ತವರಿನವರ ಬಗ್ಗೆ ನನಗೆ ಯಾವ ಗೌರವವೂ ಇಲ್ಲ.

ಬಾಗಿಲೇ ಸಿಗದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಗಾಂಧೀಜಿಯ ಮನೆಯಲ್ಲೇ ಉತ್ತರವಿದೆ. ಹಿರಿಯ ಮಗ ಹರಿಲಾಲನಿಗೆ ಇಂಗ್ಲೆಂಡಿಗೆ ಹೋಗಿ ಓದಬೇಕೆಂಬ ಆಸೆ ಇತ್ತು. ಅಪ್ಪನ ಗೆಳೆಯ ಪ್ರಾಣಜೀವನ ಮೆಹ್ತಾ ಓದಿನ ಖರ್ಚು ಕೊಡಲು ಮುಂದೆ ಬಂದಾಗ ಗಾಂಧೀಜಿ ಆ ಅವಕಾಶವನ್ನು ಮಗನಿಗೆ ಕೊಡದೆ ಬೇರೆಯವರಿಗೆ ಕೊಟ್ಟರು. ಸ್ವಂತ ಮಗನ ಪರ ವಹಿಸಬಾರದೆಂಬ ತತ್ತ್ವ ದೊಡ್ಡದೇ. ಆದರೆ ಅಪ್ಪನ ತತ್ತ್ವದೊಳಗೆ ತನಗೊಂದು ಜಾಗ ಮಾಡಿಕೊಳ್ಳಲು ಹರಿಲಾಲನಿಗೆ ಆಗಲಿಲ್ಲ, ಮಾಡಿಕೊಡಲು ಅಪ್ಪನಿಗೂ ತೋಚಲಿಲ್ಲ. 1911ರಲ್ಲಿ ಅವನು ಅಪ್ಪನನ್ನು ಬಿಟ್ಟು ಹೊರಟ. ಕುಡಿತ, ಸಾಲ, ಅಲೆದಾಟ. 1936ರಲ್ಲಿ ಇಸ್ಲಾಮಿಗೆ ಮತಾಂತರವಾಗಿ ಅಬ್ದುಲ್ಲಾ ಆದ, ತಿಂಗಳುಗಳಲ್ಲೇ ಮರಳಿ ಬಂದ. ಅಪ್ಪ ಗುಂಡಿಗೆ ಬಲಿಯಾದ 1948ರಲ್ಲೇ, ಜೂನ್ ತಿಂಗಳಲ್ಲಿ, ಮುಂಬಯಿಯಲ್ಲಿ ಅವನೂ ತೀರಿಕೊಂಡ. ಅವನ ಬದುಕು ಕೆಟ್ಟದ್ದಕ್ಕೆಲ್ಲ ಅಪ್ಪನೇ ಕಾರಣ ಎನ್ನುವುದು ಸರಿಯಲ್ಲ. ಆದರೂ ಹೆಂಡತಿಗೆ ಮೇಕೆ ಹಾಲು ಹೊಳೆದಂತೆ ಮಗನಿಗೂ ಏನಾದರೂ ಹೊಳೆದಿದ್ದರೆ ಎಂದು ಮನಸ್ಸು ಕೇಳುತ್ತದೆ. ಇಪ್ಪತ್ತು ದಾಟಿದ ಹುಡುಗನಿಗೆ ಅಂಥ ತಾಳ್ಮೆ ಇರಬೇಕೆಂದು ಬಯಸುವುದೂ ಅನ್ಯಾಯವೇ. ಅದು ದೊಡ್ಡವರ ಕೆಲಸ.

ಮೂರನೆಯ ಒಂದು ಬಗೆಯೂ ಉಂಟು: ಬಾಗಿಲೂ ಸಿಗುವುದಿಲ್ಲ, ಸಂಬಂಧವೂ ಕಡಿಯುವುದಿಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು ಗಾಂಧೀಜಿ. ರವೀಂದ್ರನಾಥ ಟ್ಯಾಗೋರರಿಗೆ ದಿಗಿಲಾಯಿತು. ಅಸ್ಪೃಶ್ಯತೆ ಪಾಪ ಎನ್ನುವುದರಲ್ಲಿ ಅವರಿಗೂ ಎರಡು ಮಾತಿಲ್ಲ. ಆದರೆ ನೆಲ ನಡುಗಿದ್ದಕ್ಕೆ ನೀತಿಯ ಕಾರಣ ಹಚ್ಚುವುದು ಜನರ ಮೂಢತನಕ್ಕೆ ನೀರೆರೆದಂತೆ ಎಂದು ಹೇಳಿಕೆ ಬರೆದರು. ಬರೆದದ್ದನ್ನು ಗಾಂಧೀಜಿಗೇ ಕಳಿಸಿದರು. ಗಾಂಧೀಜಿ ತಮ್ಮ 'ಹರಿಜನ' ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿ, ಜತೆಗೇ ತಮ್ಮ ಉತ್ತರವನ್ನೂ ಬರೆದರು. ಇಬ್ಬರೂ ಒಂದಿಂಚು ಅಲ್ಲಾಡಲಿಲ್ಲ. (ಈ ವಿಷಯದಲ್ಲಿ ನಾನು ಪೂರ್ತಿ ಟ್ಯಾಗೋರರ ಪಕ್ಷ.) ಎರಡು ವರ್ಷ ಕಳೆದು ವಿಶ್ವಭಾರತಿಗೆ ಹಣ ಹೊಂದಿಸಲು ಟ್ಯಾಗೋರ್ ಇಳಿವಯಸ್ಸಿನಲ್ಲಿ ನಾಟ್ಯತಂಡ ಕಟ್ಟಿಕೊಂಡು ಊರೂರು ತಿರುಗುತ್ತಿದ್ದಾಗ, 60,000 ರೂಪಾಯಿ ಒದಗಿಸಿಕೊಟ್ಟು ಅವರನ್ನು ಮನೆಗೆ ಕಳಿಸಿದವರು ಗಾಂಧೀಜಿ. 1940ರಲ್ಲಿ ಗಾಂಧೀಜಿ ಶಾಂತಿನಿಕೇತನಕ್ಕೆ ಬಂದು ಹೊರಟಾಗ, ತಮ್ಮ ನಂತರ ಈ ಸಂಸ್ಥೆಯನ್ನು ನೀವು ನೋಡಿಕೊಳ್ಳಬೇಕು ಎಂಬ ಪತ್ರವನ್ನು ಅವರ ಕೈಗಿಟ್ಟವರು ಟ್ಯಾಗೋರ್. ಭೂಕಂಪದ ಜಗಳ ಇತ್ಯರ್ಥವಾಗದೇ ಉಳಿಯಿತು.

ಹೀಗೆ ಉಳಿದುಹೋಗುವ ಜಗಳಗಳೇ ಸಂಸಾರದಲ್ಲಿ ಹೆಚ್ಚು. ಗಂಡ ಹೆಂಡಿರ ಮಾತುಕತೆಯನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಅಮೆರಿಕದ ಜಾನ್ ಗಾಟ್‌ಮನ್ ಪ್ರಕಾರ ದಂಪತಿಗಳ ನಡುವಿನ ತಕರಾರುಗಳಲ್ಲಿ ಸುಮಾರು ಶೇ 69ರಷ್ಟು ಬಗೆಹರಿಯುವಂಥವೇ ಅಲ್ಲ. ಸ್ವಭಾವದಿಂದ ಹುಟ್ಟಿದವು, ಇಬ್ಬರೂ ಇರುವವರೆಗೆ ಇರುತ್ತವೆ. ಯಾವ ಜೋಡಿ ಒಡೆಯುತ್ತದೆಂದು ಮೊದಲೇ ಹೇಳಬಲ್ಲೆ ಎನ್ನುವ ಅವರ ಲೆಕ್ಕಾಚಾರಕ್ಕೆ ಉಳಿದ ಸಂಶೋಧಕರ ಆಕ್ಷೇಪವಿದೆ, ನಾನೂ ಅದನ್ನು ಉಪ್ಪು ಖಾರ ಬಿಟ್ಟೇ ಓದುತ್ತೇನೆ. ಆದರೆ 130 ನವದಂಪತಿಗಳ ಮೇಲೆ ಅವರ ತಂಡ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಂದ ಒಂದು ಅಂಶ ನಮ್ಮ ಮನೆಗಳಿಗೆ ಹೇಳಿ ಮಾಡಿಸಿದಂತಿದೆ. ಹೆಂಡತಿಯ ಮಾತು ತನ್ನ ಮೇಲೆ ಪರಿಣಾಮ ಬೀರಲು ಬಿಡುವ ಗಂಡನಿದ್ದ ಕಡೆ ಸಂಸಾರ ನಿಂತಿತು. ಅವಳ ಮಾತನ್ನು ತಳ್ಳಿಹಾಕುವ ಗಂಡನಿದ್ದಲ್ಲಿ ಮುರಿಯುವ ಸಂಭವ ಹೆಚ್ಚಿತ್ತು. ಹೆಂಗಸರು ಹೇಗೂ ಗಂಡನ ಮಾತಿಗೆ ಬಗ್ಗುತ್ತಿದ್ದರು, ಅದರಿಂದ ವ್ಯತ್ಯಾಸವೇನೂ ಆಗಲಿಲ್ಲ.

ನಮ್ಯತೆಯ ಪಾಠವನ್ನು ನಾವು ಯಾವಾಗಲೂ ತಪ್ಪು ಕಡೆಯವರಿಗೆ ಹೇಳುತ್ತ ಬಂದಿದ್ದೇವೆ ಎಂದು ನನಗನ್ನಿಸುವುದು ಇದಕ್ಕೇ. ಅಡ್ಜಸ್ಟ್ ಮಾಡ್ಕೊಂಡು ಹೋಗು ಎಂಬ ಮಾತು ಬೀಳುವುದು ಸೊಸೆಯ ಮೇಲೆ, ಕಿರಿಯ ತಮ್ಮನ ಮೇಲೆ, ಆಫೀಸಿಗೆ ಹೊಸದಾಗಿ ಸೇರಿದವರ ಮೇಲೆ. ಬಗ್ಗದವನಿಗೆ ಖಡಕ್ ಮನುಷ್ಯ, ಶಿಸ್ತುಗಾರ, ನೇರ ನುಡಿಯವನು ಎಂಬ ಬಿರುದುಗಳು. ಬಗ್ಗಿದವನಿಗೆ ಇನ್ನೊಂದು ಗುದ್ದು. ಇಪ್ಪತ್ತು ವರ್ಷ ದಿನಾ ಬಾಗಿಲು ಹುಡುಕುವವರ ಶ್ರಮ ಯಾರ ಲೆಕ್ಕಕ್ಕೂ ಬರುವುದಿಲ್ಲ. ಏಕೆಂದರೆ ಅವರ ಜಾಣತನದ ಗುಟ್ಟೇ ಅದು ಯಾರಿಗೂ ಕಾಣದಿರುವುದು.

ಗಟ್ಟಿ ನಂಬಿಕೆಯವರು ತಾವೇ ಒಂದು ಏರ್ಪಾಡು ಮಾಡಿಕೊಂಡರೆ ಸುತ್ತಲಿನವರ ಅರ್ಧ ಕೆಲಸ ಉಳಿಯುತ್ತದೆ. ಗಾಂಧೀಜಿ 1933ರಲ್ಲಿ 'ಹರಿಜನ'ದಲ್ಲಿ ಹಾಗೊಂದು ಬರೆದಿಟ್ಟರು: ಒಂದೇ ವಿಷಯದ ಬಗ್ಗೆ ನನ್ನ ಎರಡು ಬರಹಗಳು ಒಂದಕ್ಕೊಂದು ಹೊಂದದಿದ್ದರೆ ನಂತರದ್ದನ್ನು ತೆಗೆದುಕೊಳ್ಳಿ ಎಂದು. ಅದು ಬರೀ ಮಾತಾಗಲಿಲ್ಲ. 1920ರ ದಶಕದ ಮೊದಲಲ್ಲಿ ಅಂತರ್ಜಾತಿ ಮದುವೆಗಿದ್ದ ಕಟ್ಟುಪಾಡನ್ನು ಸಮರ್ಥಿಸಿದ್ದ ಅದೇ ಮನುಷ್ಯ 1946ರ ಹೊತ್ತಿಗೆ, ವಧೂವರರಲ್ಲಿ ಒಬ್ಬರು ಹರಿಜನರಾಗಿದ್ದರೆ ಮಾತ್ರ ಸೇವಾಗ್ರಾಮದಲ್ಲಿ ಮದುವೆ ಎನ್ನುವಲ್ಲಿಗೆ ಬಂದಿದ್ದರು. ಹೋದ ವರ್ಷ ನೀವೇ ಹೀಗೆ ಹೇಳಿದ್ದಿರಲ್ಲ ಎಂದು ಮನೆಯಲ್ಲಿ ಹಳೆಯ ಕಡತ ಬಿಚ್ಚುವವರು ಇದನ್ನು ಗಮನಿಸಬೇಕು. ಮನಸ್ಸು ಬದಲಾಯಿಸಿದವರನ್ನು ಚುಚ್ಚಿದರೆ ಅವರು ಮುಂದಿನ ಸಲ ಬದಲಾಯಿಸುವುದಿಲ್ಲ.

ಮೈಸೂರಿನ ಆ ತಾಯಿಯ ವಿಷಯಕ್ಕೆ ಬಂದರೆ, ಅವರದೂ ಒಂದು ಕಾನೂನಿದೆ ಎಂದು ನನಗೆ ತಡವಾಗಿ ತಿಳಿಯಿತು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅವರು ಮಲಗುತ್ತಾರೆ. ಆಗ ಯಾರೇ ಬರಲಿ, ಬೀಗರೇ ಬರಲಿ, ಅವರು ಏಳುವುದಿಲ್ಲ, ಕಾಫಿ ಇಲ್ಲ. ಈ ನಿಯಮದ ಒಳಗೆ ಯಾವ ಬಾಗಿಲೂ ಇಲ್ಲ, ಹುಡುಕಲು ಯಾರೂ ಹೋಗಿಯೂ ಇಲ್ಲ. ನಾನು ಒಂದು ದಿನ ಎರಡೂವರೆಗೆ ಹೋಗಿ ಗೇಟು ತಟ್ಟಿದಾಗ ಬಾಯಿಗೆ ಬೆರಳಿಟ್ಟು ಒಳಗೆ ಕರೆದುಕೊಂಡ ಯಜಮಾನರು, ಫಿಲ್ಟರಿನಲ್ಲಿ ಎಷ್ಟು ಪುಡಿ ಹಾಕಬೇಕೆಂದು ಪಿಸುಮಾತಿನಲ್ಲಿ ನನ್ನನ್ನೇ ಕೇಳಿದರು.